ಬಾಗಿಲಿನ ದರ

ವಿಶ್ರಾಂತವಾಡಿ ದಾಟಿ, ಡಾಂಬರು ಮುಗಿಯುವಲ್ಲಿ
ಹೊಸ ಜೈಲು ಏಳುತ್ತಿದೆ. ನಾನಲ್ಲಿ ಸ್ಟೋರ್‌ಕೀಪರ್.
ಸಿಮೆಂಟು, ಸರಳು, ಕೀಲು, ಚಿಲಕ,
ಒಳಗೆ ಬಂದದ್ದನ್ನೆಲ್ಲ ಎಣಿಸಿ ಬರೆದುಕೊಳ್ಳುವುದು ಕೆಲಸ.
ಮುಂದೆ ಜೈಲಿನದೂ ಅದೇ ಕೆಲಸ ಅನ್ನಿ.

ಮೊನ್ನೆ ಬಾಗಿಲುಗಳ ಮೊದಲ ಲಾರಿ ಬಂತು. ನಲವತ್ತು.
ಒಂದೊಂದಕ್ಕೆ ಮೂವತ್ತೆಂಟು ಸಾವಿರ, ಜಿಎಸ್‌ಟಿ ಬೇರೆ.
ಹಮಾಲರು ಬೈಯುತ್ತಲೇ ಇಳಿಸಿದರು:
ಒಳಗಿಡೋದು ಮನುಷ್ಯರನ್ನೋ ಆನೆಗಳನ್ನೋ?

ಸರಳು ಕಟ್ಟುವ ಯಮನೂರಪ್ಪ, ಸಿಂದಗಿ ಕಡೆಯವನು,
ಚಲನ್ನಿನ ಮೇಲೆ ಬಗ್ಗಿದ.
ಅಕ್ಷರ ಬಾರದು ಅವನಿಗೆ, ಅಂಕಿ ಬರುತ್ತದೆ.
‘ಇದು ಒಂದಕ್ಕೇನ್ರಿ, ಎಲ್ಲಾಕ್ಕೂ?’
ಒಂದಕ್ಕೆ, ಅಂದೆ.

ಅವನ ತಂಗಿಯ ಮಗ,
ಹೆಸರು ಮುದಕಪ್ಪ, ವಯಸ್ಸು ಇಪ್ಪತ್ತು,
ಹದಿನಾಲ್ಕು ತಿಂಗಳಿಂದ ಹಳೇ ಜೈಲಿನಲ್ಲಿದ್ದಾನೆ.
ಯಾರದೋ ತಾಮ್ರದ ತಂತಿ, ಯಾರದೋ ಚೀಲ.
ಜಾಮೀನು ಎಂದೋ ಆಗಿದೆ: ಹದಿನೈದು ಸಾವಿರ,
ಜೊತೆಗೆ ಪುಣೆಯಲ್ಲಿ ಮನೆಯುಳ್ಳವರದೊಂದು ಸಹಿ.
ಪುಣೆಯಲ್ಲಿ ಮನೆ ಕಟ್ಟಿದವರು ಬಳಗದ ತುಂಬ ಇದ್ದಾರೆ.
ಉಳ್ಳವರಿಲ್ಲ.

ಬೆರಳ ಗೆಣ್ಣು ಮುಟ್ಟಿ ಮುಟ್ಟಿ ಲೆಕ್ಕ ಹಾಕಿದ:
‘ಹಂಗಾದ್ರ ಈ ಒಂದ್ ಕದದಾಗ
ಎರಡು ಮುದಕಪ್ಪ ಹೊರಗ ಬರ್ತಾರ್ರಿ.
ಮ್ಯಾಲ ಎಂಟು ಸಾವಿರ ಉಳೀತೈತಿ,
ಬಸ್ಸಿಗೆ, ಒಂದೊಂದು ಅಂಗಿಗೆ.’
ಜಿಎಸ್‌ಟಿಯಲ್ಲಿ ಇನ್ನೂ ಅರ್ಧ ಮುದಕಪ್ಪ ಬರುತ್ತಾನೆಂದು
ನಾನು ಹೇಳಲಿಲ್ಲ.

ಹಳೆಯದು ತುಂಬಿದೆಯಂತೆ, ಅದಕ್ಕೇ ಹೊಸದು.
ಇಬ್ಬರ ಜಾಗದಲ್ಲಿ ಐವರು, ಪಾಳಿಯ ಮೇಲೆ ನಿದ್ದೆ,
ಎಂಜಿನಿಯರ್ ಬೋರ್ಕರ್ ಮರುಕದಿಂದಲೇ ಹೇಳುತ್ತಾನೆ.
ಒಳ್ಳೆಯವನು. ಕಿಟಕಿ ಒಂದು ಗೇಣು ಅಗಲವಾಗಲೆಂದು
ಮೂರು ಸಲ ಕಚೇರಿಗೆ ಅಲೆದವನು.
ಮಂಗಳವಾರದ ಭೇಟಿಗೆ ಅರ್ಧ ದಿನದ ಕೂಲಿ ಕಳೆದು ಹೋಗಿಬಂದ ಯಮನೂರಪ್ಪ
ಆ ಕಿಟಕಿಗಳನ್ನೇ ನೋಡುತ್ತ ಕೇಳಿದ:
‘ಅಂವನ್ನ ಇಲ್ಲಿಗೇ ತರ್ತಾರೇನ್ರಿ?’
ಆಮೇಲೆ ಹೋಗಿ ಸರಳು ಕಟ್ಟಿದ,
ಎಂದಿನಂತೆ, ಬಿಗಿಯಾಗಿ.

ಧಾನೋರಿಯಲ್ಲಿ ನನ್ನ ಹೆಸರಿಗೊಂದು ಮನೆಯಿದೆ,
ಒಂದು ಕೋಣೆ, ಒಂದು ಅಡುಗೆಮನೆ, ಇನ್ನೂ ಒಂಬತ್ತು ವರ್ಷದ ಕಂತು.
ಅವನು ಕೇಳಲಿಲ್ಲ.
ಅವನಿಗದು ಗೊತ್ತು ಅಂತಲೇ ನನಗನಿಸುತ್ತದೆ.

ನಲವತ್ತರಲ್ಲಿ ಒಂದು ಬಾಗಿಲ ಕೀಲು ಸೊಟ್ಟಗಿತ್ತು.
ವಾಪಸು ಕಳಿಸಿದೆ.
ಗೇಟು ದಾಟುವವರೆಗೂ ಲಾರಿಯನ್ನೇ ನೋಡುತ್ತಿದ್ದ ಯಮನೂರಪ್ಪ ನಕ್ಕ:
‘ಒಂದರ ಬಿಡುಗಡಿ ಆತು ನೋಡ್ರಿ.’

ಅದಕ್ಕೆ ಬೇಕಾದದ್ದು ಒಂದೇ ಸಹಿ.
ನಿಂತಲ್ಲೇ, ಗೋಣಿಯ ಮೇಲೆ ಕಾಗದ ಇಟ್ಟು
ಹಾಕಿಬಿಟ್ಟಿದ್ದೆ.