ಪಂಪಂತೆ

"ಹೃದಯ ಅಂದರೆ ಒಂದು ಪಂಪು, ಅಷ್ಟೇ,"
ಅಂದಳು ಡಾಕ್ಟರ್ ಮಾರಿತ್,
ಲೇವಾರ್ಡನ್ ಆಸ್ಪತ್ರೆಯ ಮೂರನೇ ಮಹಡಿಯಲ್ಲಿ,
ಪ್ಲಾಸ್ಟಿಕ್ ಗುಂಡಿಗೆಯ ಮುಚ್ಚಳ ತೆಗೆದು.
ಯಾರಿಗೆ ಹೇಳುತ್ತಿದ್ದೇನೆಂದು ಅವಳಿಗೆ ಗೊತ್ತಿರಲಿಲ್ಲ.

ವೀಬೆ ಹೂಕ್ಸ್ಟ್ರಾ
ಮೂವತ್ತೆಂಟು ವರ್ಷ ಪಂಪಿನ ಜೊತೆ ಬಾಳಿದವನು.
ಕಡಲಿಗಿಂತ ತಗ್ಗಿನ ಆ ನೆಲದಲ್ಲಿ
ಆಲೂಗಡ್ಡೆ, ದನ, ಚರ್ಚು, ಗೋರಿ
ಎಲ್ಲವೂ ಒಣಗಿರಲೆಂದು
ರಾತ್ರಿಯಿಡೀ ಕಾಲುವೆಯ ನೀರೆತ್ತಿ ಆಚೆ ಸುರಿದವನು.
ಹೆಂಡತಿಯ ಉಸಿರಿಗಿಂತ
ಮೂರನೇ ನಂಬರಿನ ಪಂಪಿನ ಉಸಿರು ಅವನಿಗೆ ಚೆನ್ನಾಗಿ ಗೊತ್ತು.
(ಇದು ಹೆಂಡತಿ ಯೆಲ್ತ್ಯೆಯದೇ ಮಾತು.)

ಕನ್ನಡಕ ಏರಿಸಿದ. ಗುಂಡಿಗೆಯನ್ನು ಅಂಗೈಯಲ್ಲಿ ತಿರುಗಿಸಿದ,
ಬೇಡದ ಸರಕು ಮಾರಲು ಬಂದವನೆದುರು ಕೂತ ಹಾಗೆ.
"ಕವಾಟ ಸರಿ," ಅಂದ.
"ಒಂದೇ ಕಡೆಗೆ ತೆರೆಯುತ್ತೆ, ಹೋದದ್ದನ್ನು ಹಿಂದೆ ಬಿಡಲ್ಲ.
ಇದು ಸವೆದಿದೆ ಅಂದಿರಲ್ಲ, ಅದು ತಿಳಿಯಿತು. ಪೂರ್ತಿ ತಿಳಿಯಿತು.
ಸೋರುವ ಕವಾಟ ಇಟ್ಟುಕೊಂಡು ಓಡಿಸಿದರೆ
ಮೋಟಾರು ಎರಡು ಪಾಲು ದುಡಿದು ಬಿಸಿಯಾಗುತ್ತೆ."
"ಇಲ್ಲಿ ಊದಿಕೊಳ್ಳುತ್ತೆ," ಅಂದಳು ಡಾಕ್ಟರ್.
"ಹ್ಞಾಂ," ಅಂದ ವೀಬೆ, "ಅಲ್ಲಿಗೆ ಒಂದು ಬಿರುಕು."

ಆಮೇಲೆ ಅವನನ್ನು ಹಿಡಿಯಲಾಗಲಿಲ್ಲ.
ಪಂಪು ತಾನೆತ್ತುವ ನೀರನ್ನು ತಾನು ಕುಡಿಯುವುದಿಲ್ಲ.
ಇದೋ, ಲೋಕಕ್ಕೆಲ್ಲ ಬಡಿಸುವ ಮೊದಲು
ಸೌಟಿನಿಂದ ತನಗೊಂದು ಗುಟುಕು.
ಪಂಪು ನಿಲ್ಲಿಸಿ ಬಿಚ್ಚಬಹುದು,
ಗ್ಯಾಸ್ಕೆಟ್ ಬದಲಿಸಿ, ಗ್ರೀಸು ಬಳಿದು,
ಬಾಗಿಲಾಚೆ ನಿಂತು ಒಂದು ಸಿಗರೇಟು ಸೇದಿ
ಮತ್ತೆ ಶುರು ಮಾಡಬಹುದು.
ಪಂಪಿನ ಪಕ್ಕ ಇನ್ನೊಂದು ಪಂಪಿರುತ್ತದೆ.
"ಒಂದು ಜನವರಿ ರಾತ್ರಿ ಕಡಲು ಏರಿಯ ಮೇಲಿಂದ ಇಣುಕಿತ್ತು.
ಪಂಪು ನಡುಗಲಿಲ್ಲ. ಅದಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ.
ಇದಕ್ಕೆ," ಅಂಗಿಯ ಗುಂಡಿಯ ಮೇಲೆ ಬೆರಳಿಟ್ಟ,
"ನನಗಿಂತ ಮೊದಲೇ ಮುಟ್ಟಿತ್ತು."

ಡಾಕ್ಟರ್ ಗಡಿಯಾರ ನೋಡಿದಳು, ಪೆನ್ನು ಕೆಳಗಿಟ್ಟಳು.
"ಮತ್ತೆ ಏನನ್ನಲಿ? ಈಗಷ್ಟೇ ಹೋದವರು ಟುಲಿಪ್ ಬೆಳೆಯುವವರು,
ಪಂಪು ಅಂದೆ, ತಲೆಯಾಡಿಸಿದರು."
"ಆಡಿಸುತ್ತಾರೆ. ಪಂಪು ಗೊತ್ತಿಲ್ಲದವರಿಗೆ ಪಂಪಿನ ಮಾತು ಚೆನ್ನ.
ಬಿಸಾಡಬೇಡಿ. ಅದು ಹಳ್ಳದ ಮೇಲಿನ ಹಲಗೆ.
ಸೈಕಲ್ ಹೋಗಬಹುದು, ಟ್ರ್ಯಾಕ್ಟರ್ ಬೇಡ."
ಅಲ್ಲಿಯವರೆಗೆ ಸುಮ್ಮನಿದ್ದ ಯೆಲ್ತ್ಯೆ ನಕ್ಕಳು:
"ಹೋಲಿಕೆ ತೂಗಲು ಕೂತವನು
ಬೊಟ್ಟಿಗೆ ಇನ್ನೊಂದು ಹೋಲಿಕೆಯನ್ನೇ ತಂದೆಯಲ್ಲ."

ಬಸ್ಸಿನಲ್ಲಿ ತಂಗಿಗೆ ಫೋನು. ಏನಂದರು?
"ಪಂಪಂತೆ."

ಅವನ ಫ್ರೀಸಿಯನ್ ಮಾತನ್ನು ನಾನು ಕನ್ನಡಕ್ಕೆ ತರುವಾಗ
ಕಾಲಿಗೆ ತೊಡರುವುದು ಇದೊಂದೇ.
ನಮ್ಮ 'ಅಂತೆ' ಒಂದೇ ಸಂಬಳಕ್ಕೆ ಎರಡು ಕೆಲಸ ಮಾಡುತ್ತದೆ:
ಪಂಪಿನಂತೆ ಅಂದರೆ ಹೋಲಿಕೆ,
ಪಂಪಂತೆ ಅಂದರೆ ಯಾರೋ ಹೇಳಿದ್ದು, ನನ್ನ ಹೊಣೆಯಲ್ಲ.
ನಡುವೆ ಒಂದು 'ಇನ', ಅಷ್ಟೇ ಸಂದು.
ನೀರು ಒಳಗೆ ಬರುವುದು ಅಲ್ಲಿಂದ.

ಆ ರಾತ್ರಿ ವೀಬೆ ಗೋಡೆಗೆ ಮುಖ ಮಾಡಿ ಮಲಗಿದ.
ಮೂವತ್ತೆಂಟು ವರ್ಷ ಗಾಳಿ ಎದ್ದಾಗಲೆಲ್ಲ
ಅವನ ಬೂಟಿನ ಸದ್ದು ಮೆಟ್ಟಿಲಿಳಿಯುವುದನ್ನು ಕೇಳಿ
ಮಗ್ಗುಲು ಬದಲಿಸಿದ್ದ ಯೆಲ್ತ್ಯೆ
ಈಗ ಅವನ ಬೆನ್ನಿಗೆ ಕಿವಿಯಾನಿಸಿ ಎಣಿಸುತ್ತಿದ್ದಾಳೆ.
ಡಾಕ್ಟರ್ ಹೇಳದೆ ಬಿಟ್ಟದ್ದು, ವೀಬೆ ತೂಗದೆ ಬಿಟ್ಟದ್ದು
ಒಂದಿತ್ತು ಆ ಪಂಪಿನ ಮಾತಿನಲ್ಲಿ:
ಪಕ್ಕದಲ್ಲಿ ಯಾರೋ ಒಬ್ಬರು ಎದ್ದಿರಬೇಕು.

ಹೊರಗೆ ಗಾಳಿ ದಿಕ್ಕು ಬದಲಿಸಿತು.
ಇಪ್ಪತ್ತೊಂದು, ಇಪ್ಪತ್ತೆರಡು,
ಒಂದು ತಪ್ಪಿತು,
ಇಪ್ಪತ್ತಮೂರು.