ಹೆಬ್ಬೆಟ್ಟು

ಬಿತ್ತನೆ ಕೋಠಿಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದ
ಸನಾವುಲ್ಲಾ ಚಾಚಾ
ಮೂರು ಸಂಜೆ ನಮ್ಮ ಒಲೆಮನೆಗೆ ಬಂದರು,
ಗೂಡಿನ ಬುಟ್ಟಿ ಮಗುಚಿ ಹಾಕಿ ಅದರ ಮೇಲೆ ಕೂತು
ಒಬ್ಬರೇ ಮೂವರು ಅಧಿಕಾರಿಗಳಾದರು.
ಕನ್ನಡಕ ಹಾಕಿದರೆ ಡೈರೆಕ್ಟರು,
ತೆಗೆದರೆ ವಿಷಯ ಬಲ್ಲವರು,
ಹಣೆಗೇರಿಸಿದರೆ, ಏನೂ ಕೇಳದೆ ನೋಡುವ ಮೂರನೆಯವರು.
"ಹೆದರುವುದಾದರೆ ಅವರಿಗೆ ಹೆದರು."

"ನಿಮ್ಮ ಬಗ್ಗೆ ಹೇಳಿ."
ತಸ್ಲೀಮಾ ಬಾನು, ಶಿಡ್ಲಘಟ್ಟ, ರೇಷ್ಮೆ ಡಿಪ್ಲೊಮಾ, ಎರಡನೇ ದರ್ಜೆ.
"ಅದೆಲ್ಲ ಅರ್ಜಿಯಲ್ಲಿದೆ. ನಿಮ್ಮ ಬಗ್ಗೆ."
ಪಕ್ಕದಲ್ಲಿ ಗೂಡು ಕುದಿಯುತ್ತಿತ್ತು.
ನನ್ನ ಬಗ್ಗೆ ಏನಿದೆ?
ಮನೆಯಲ್ಲಿ ದಖನಿ, ಗೂಡಿನ ಮಾರ್ಕೆಟ್ಟಿನಲ್ಲಿ ತೆಲುಗು,
ಲೆಕ್ಕ ಮಾತ್ರ ಇವತ್ತಿಗೂ ಕನ್ನಡದಲ್ಲೇ ಬರುತ್ತದೆ,
ಏಳರ ಮಗ್ಗಿ ಕಲಿಸಿದ ಮೇಡಮ್ಮಿನ ರಾಗದಲ್ಲಿ.
ಹತ್ತು ವರ್ಷದವಳಿದ್ದಾಗಿನಿಂದ ಈ ಬಿಸಿನೀರಲ್ಲಿ ಕೈ...
"ಅದನ್ನು ಹೇಳಬೇಡ," ಎಂದರು ಚಾಚಾ,
"ನಿಮ್ಮಪ್ಪನ ಮೇಲೆ ಕೇಸು ಹಾಕುತ್ತಾರೆ."

ಆಮೇಲೆ ಒಂದೊಂದೇ:
ಕೂರು ಎನ್ನುವ ತನಕ ಕೂರಬೇಡ.
ಗೊತ್ತಿಲ್ಲ ಎನ್ನಬೇಡ.
ಕೈ ಮೇಜಿನ ಮೇಲಿಡಬೇಡ.
ಇದನ್ನು ಹೇಳುವಾಗ ಮಾತ್ರ
ಚಾಚಾ ಒಲೆಯ ಕಡೆ ನೋಡಿದರು.
ಅಂದು ರಾತ್ರಿ ಅಮ್ಮಿ ಮೆಹಂದಿ ಕಲಸಿ
ಬೆರಳ ತುದಿಗೆಲ್ಲ ಟೋಪಿ ಹಾಕಿದಳು.
"ಸಂದರ್ಶನಕ್ಕಾ, ನಿಕಾಹ್‌ಗಾ?" ತಂಗಿ ನಕ್ಕಳು.

ಚಿಕ್ಕಬಳ್ಳಾಪುರದ ಕಚೇರಿಯ ಜಗುಲಿಯಲ್ಲಿ ಹನ್ನೊಂದು ಜನ.
ಕೋಟು ತೊಟ್ಟ ಹುಡುಗ ಗೋಡೆಗೆ ಉತ್ತರ ಒಪ್ಪಿಸುತ್ತಿದ್ದ,
ತುಂಬು ಬಸುರಿಯೊಬ್ಬಳು ಸೀಬೆಹಣ್ಣು ಹೆಚ್ಚಿ
ಗುರುತಿಲ್ಲದ ನನಗೂ ಉಪ್ಪು ಹಚ್ಚಿ ಕೊಟ್ಟಳು.
ಗುಮಾಸ್ತ ಚೌಡರೆಡ್ಡಿ ಯಂತ್ರ ಚಾಚಿದ: ಹೆಬ್ಬೆಟ್ಟು ಇಡಮ್ಮ.
ಕೆಂಪು ದೀಪ.
ಒರೆಸಿ ಇಡು. ಕೆಂಪು.
ತೋರುಬೆರಳು. ಕೆಂಪು.
ರೇಷನ್ ಅಂಗಡಿಯಲ್ಲೂ ಇದೇ ಕತೆ, ಅಲ್ಲಿ ಅಕ್ಕಿ ತಪ್ಪುತ್ತದೆ.
ಅಕ್ಷರ ಬಾರದ ನಮ್ಮಜ್ಜಿಯನ್ನು ಹೆಬ್ಬೆಟ್ಟು ಎನ್ನುತ್ತಿದ್ದರು.
ನಾನು ಓದಿದೆ.
ಓದಿ ಬರುವಷ್ಟರಲ್ಲಿ ಹೆಬ್ಬೆಟ್ಟೂ ಬೆಂದುಹೋಗಿತ್ತು.

ಒಳಗೆ ನಿಜಕ್ಕೂ ಮೂವರು.
ಹುಳುವಿನ ಐದು ಹಂತ, ನಾಲ್ಕು ಜ್ವರ,
ಒಂದೇ ಉಸಿರಿಗೆ ಮಗ್ಗಿಯಂತೆ ಹೇಳಿದೆ.
"ರೆಂಡಿಟ್ಟಾ ಎಷ್ಟು ಬರುತ್ತೆ?"
"ಯಾವ ತಿಂಗಳ ಗೂಡು, ಸರ್?"
ಅಲ್ಲಿಯ ತನಕ ಕಾಗದ ನೋಡುತ್ತಿದ್ದವರು ತಲೆಯೆತ್ತಿದರು.

ಮೂರನೆಯವರು ನರೆಗೂದಲ ಹೆಂಗಸು, ಆಗ ಬಾಯಿಬಿಟ್ಟರು:
"ನಿಮ್ಮಲ್ಲಿರುವ ಕೊರತೆ ಏನು?"
ಕೆಲಸ ಹಿಡಿದರೆ ಊಟ ಮರೆಯುತ್ತೇನೆ ಮೇಡಂ,
ಚಾಚಾ ಕಲಿಸಿದ್ದು ನಾಲಿಗೆ ತುದಿಯಲ್ಲೇ ಇತ್ತು.
ಎಳೆ ಹುಡುಕುವವರಿಗೆ ಗೊತ್ತು,
ಮೊದಲು ಕೈಗೆ ಸಿಗುವುದು ಜಾಳು.
ಅದನ್ನು ಬಿಟ್ಟೆ.
ಎರಡೂ ಕೈ ತೆಗೆದು ಮೇಜಿನ ಮೇಲಿಟ್ಟೆ.
"ನಾನು ಬಂದಿದ್ದೇನೆ ಅಂತ ಹೊರಗಿನ ಯಂತ್ರ ಒಪ್ಪುತ್ತಿಲ್ಲ, ಮೇಡಂ."

ಅವರು ಮಾತಾಡಲಿಲ್ಲ.
ತಟ್ಟೆಯಿಂದ ಒಂದು ಗೂಡು ಎತ್ತಿ ನನ್ನತ್ತ ಉರುಳಿಸಿದರು.
ಕಿವಿಯ ಬಳಿ ಅಲ್ಲಾಡಿಸಿದೆ.
ಫ್ಯಾನಿನ ಸದ್ದು. ಹೊರಗೆ ಆ ಹುಡುಗನ ಗುಣುಗು.
"ಒಳಗೇ ಸತ್ತಿದೆ, ಗೋಡೆಗೆ ಅಂಟಿದೆ.
ಬಿಚ್ಚಿದರೆ ನೂಲು ಕಪ್ಪಾಗುತ್ತೆ."
"ಸತ್ತು ಎಷ್ಟು ದಿನ?"
"ಗೊತ್ತಿಲ್ಲ."

ಹೊರಗೆ ಚೌಡರೆಡ್ಡಿ ಎಲ್ಲಿಂದಲೋ
ಹಳೆಯ ಮಸಿದಿಂಬು ಹುಡುಕಿ ತಂದಿದ್ದ.
ಒತ್ತಿದೆ.
ಒಂದೂ ಗೆರೆಯಿಲ್ಲದ ನೀಲಿ ಗೂಡು.
ಅವನು ಅದನ್ನೇ ನೋಡುತ್ತಾ ನಿಂತ,
ಆಮೇಲೆ ಪಕ್ಕದಲ್ಲಿ ತಾನೇ ಬರೆದ: ಹಾಜರು.

ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ
ಚಾಚಾ ನಿಂತಿದ್ದರು, ಕನ್ನಡಕ ಹಣೆಯ ಮೇಲೆ.
ಏನೂ ಕೇಳಲಿಲ್ಲ.