ಬೋಗುಣಿ

ರೋಜೋ ದಕ್ಕೆ ಬಿಟ್ಟು ಗಂಟೆಯಾಯಿತು. ಎಂಜಿನ್ ಆರಿಸಿದೆ.
ಅಮ್ಮನ ಸಲಾಡ್ ಬೋಗುಣಿಯ ತಳಕ್ಕೆ ಮೈಕು ಅಂಟಿಸಿ
ಕೋಲಿಗೆ ಬಿಗಿದವನು ಅಪ್ಪ, ನಾನು ಹುಟ್ಟುವ ಮುಂಚೆ.
ಇಂದಿಗೂ ಅದನ್ನೇ ನೀರಿಗಿಳಿಸಿ ಮೆಲ್ಲಗೆ ತಿರುಗಿಸುತ್ತೇನೆ,
ಪಕ್ಕದ ಮನೆಯ ಗೋಡೆಗೆ ಕಿವಿಯಿಟ್ಟವಳಂತೆ.

ಟಕ್. ಟಕ್. ಟಕ್.
ಬೀದಿಕೊನೆಯ ರಮ್ ಅಂಗಡಿಯಲ್ಲಿ
ಮುದುಕರು ಡಾಮಿನೋ ಬಿಲ್ಲೆ ಕುಕ್ಕಿದ ಹಾಗೆ.
ಕೆಳಗೆ, ಸಾವಿರ ಮೀಟರು ಕತ್ತಲಲ್ಲಿ, ತಿಮಿಂಗಿಲಗಳ ಊಟದ ಹೊತ್ತು.

ಟಿಕೆಟ್ ಕೊಂಡವರು ಕೇಳುತ್ತಾರೆ: ಎಲ್ಲಿ? ಯಾವಾಗ?
ಒಬ್ಬ ಹುಡುಗ ಬಕೆಟ್ಟು ತಬ್ಬಿ ಕಕ್ಕುತ್ತಿದ್ದಾನೆ.
ಅವನ ತಾಯಿಯ ಕೈಗೆ ಶುಂಠಿಚೂರು ಹಾಕಿದೆ.
ಕಂಡರೂ ಕಾಣದಿದ್ದರೂ ಡೀಸೆಲ್ಲಿನ ಲೆಕ್ಕ ಒಂದೇ.

ಹಗ್ಗದ ಸುರುಳಿಯ ಮೇಲೆ ಅಪ್ಪ.
ಎಂಜಿನ್ನು ಅವನ ಎರಡೂ ಕಿವಿ ತಿಂದು ಎಂಟು ವರ್ಷ;
ಆದರೂ ಹೆಡ್‌ಫೋನು ಬೇಕು. ಕೊಡುತ್ತೇನೆ.
ಕಲಿಸಿದ್ದು ಅವನೇ ತಾನೆ:
"ಸದ್ದಿರುವ ತನಕ ಆರಾಮಾಗಿರು, ಯೂಲಾಲಿ.
ನಿಂತಿತೋ, ಕ್ಯಾಮೆರಾ ತೆಗೆಯಲು ಹೇಳು.
ಮೇಲೇಳುವಾಗ ಅದು ಮಾತಾಡುವುದಿಲ್ಲ."

ಈಗ ಅವನಿಗೆ ದಿನವಿಡೀ ಸದ್ದು ನಿಂತೇ ಇರುತ್ತದೆ.
ಊಟದ ಮೇಜಲ್ಲಿ, ಇಗರ್ಜಿಯ ಬೆಂಚಲ್ಲಿ
ತಟ್ಟನೆ ಕತ್ತೆತ್ತಿ ಬೆರಳು ಚಾಚುತ್ತಾನೆ. ಅಗೋ.
ಪಾದ್ರಿಯೂ ಒಮ್ಮೆ ತಿರುಗಿ ನೋಡಿದ್ದುಂಟು.

ಇವತ್ತು ಎಡಕ್ಕೆ ಚಾಚಿದ.
ಬೋಗುಣಿಯ ಟಕ್ ಟಕ್ ಬಲದಿಂದ ಬರುತ್ತಿತ್ತು.
ದೋಣಿ ದೋಣಿಯೇ ವಾಲುವಂತೆ ಎಲ್ಲರೂ ಬಲಕ್ಕೆ, ನಾನೂ.
ಆ ಹುಡುಗ ಮಾತ್ರ, ಏಳಲು ತ್ರಾಣವಿಲ್ಲದೆ,
ಬಕೆಟ್ಟಿನಿಂದ ಮುಖವೆತ್ತಿ
ಮುದುಕನ ಬೆರಳಿನ ತುದಿ ನೋಡುತ್ತಿದ್ದ.

ಹಳಸಿದ ಮೀನಿನ ವಾಸನೆಯ ಆ ಬೆಚ್ಚನೆ ತುಂತುರು
ಬಿದ್ದದ್ದು ಅವನ ಮುಖಕ್ಕೆ.